ಕೆಲಸ ಸಿಕ್ಕರೆ ಕಲಿತಂತೆಯೇ? ವಿಮಾನಯಾನ ಸುರಕ್ಷತಾ ಪದವಿಯನ್ನು ಅಳೆಯುವ ಬಗೆ

ವಿಮಾನಯಾನ ಸುರಕ್ಷತೆಯಲ್ಲಿ ಪದವಿ ಕೊಡುವ ಕಾಲೇಜು ತನ್ನ ಸಾಧನೆ ತೋರಿಸಲು ಸಾಮಾನ್ಯವಾಗಿ ಮೂರು ಅಂಕಿಗಳನ್ನು ಮುಂದಿಡುತ್ತದೆ: ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿ ಸಕಾಲಕ್ಕೆ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು. ಮೂರೂ ನಿಜವೇ ಇರಬಹುದು. ಆದರೆ ಆ ಪದವೀಧರರ ಮುಂದೆ ಒಂದು ಘಟನೆಯ ಕಡತ ಇಟ್ಟು, "ಇಲ್ಲಿ ಏನು ಕೆಟ್ಟಿತು, ಮತ್ತೆ ಹೀಗಾಗದಂತೆ ಏನನ್ನು ಬದಲಿಸಬೇಕು?" ಎಂದು ಕೇಳಿದರೆ ಸರಿಯಾದ ಉತ್ತರ ಬರುತ್ತದೆಯೇ? ಈ ಮೂರು ಅಂಕಿಗಳಲ್ಲಿ ಯಾವುದೂ ಅದನ್ನು ಹೇಳುವುದಿಲ್ಲ.

ಅಪಘಾತ ಆಗಿಲ್ಲ ಎಂದ ಮಾತ್ರಕ್ಕೆ ಸಂಸ್ಥೆ ಸುರಕ್ಷಿತ ಎಂದಾಗದು ಎಂಬ ಪಾಠವನ್ನು ಸುರಕ್ಷತಾ ವಿಭಾಗಗಳು ಮೊದಲ ವರ್ಷದಲ್ಲೇ ಕಲಿಸುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಕಾವೊ) 2013ರಲ್ಲಿ ಜಾರಿಗೆ ತಂದ ಅನೆಕ್ಸ್ 19 ಸುರಕ್ಷತಾ ನಿರ್ವಹಣಾ ವ್ಯವಸ್ಥೆಯನ್ನು ನಾಲ್ಕು ಅಂಗಗಳಾಗಿ, 12 ಅಂಶಗಳಾಗಿ ವಿವರಿಸುತ್ತದೆ. ನೀತಿ, ರಿಸ್ಕ್ ನಿರ್ವಹಣೆ, ಸುರಕ್ಷತೆಯ ಖಾತ್ರಿ, ಪ್ರಚಾರ ಎಂಬುವು ಆ ನಾಲ್ಕು. ಮೂರನೆಯ ಅಂಗದ ಸಾರ ಇಷ್ಟೇ: ಅಳೆ, ಗುರಿಯೊಡನೆ ಹೋಲಿಸು, ಕೊರತೆ ಸರಿಪಡಿಸು, ಮತ್ತೆ ಅಳೆ. ಏರ್‌ಲೈನ್‌ಗಳಿಗೆ ನಾವು ಬೋಧಿಸುವ ಈ ಶಿಸ್ತನ್ನು ಪದವಿ ಕಾರ್ಯಕ್ರಮದ ಮೇಲೂ ಅಷ್ಟೇ ಕಟ್ಟುನಿಟ್ಟಾಗಿ ಪ್ರಯೋಗಿಸಬೇಕು. ಉದ್ಯೋಗದ ಶೇಕಡಾವಾರು ಎಲ್ಲ ಮುಗಿದ ಮೇಲೆ ಕೈಗೆ ಬರುವ ಅಂಕಿ. ಕಲಿಕಾ ಫಲದ, ಅಂದರೆ ಕಲಿತ ಮೇಲೆ ವಿದ್ಯಾರ್ಥಿ ಏನು ಮಾಡಬಲ್ಲರು ಎಂಬುದರ ಅಳತೆ ಹಾಗಲ್ಲ, ವಿದ್ಯಾರ್ಥಿ ಇನ್ನೂ ತರಗತಿಯಲ್ಲಿರುವಾಗಲೇ ಎಚ್ಚರಿಸಬಲ್ಲದು.

ಕೋರ್ಸಿನ ಅಂಕ ಏಕೆ ಸಾಲದು

ಒಂದು ಉದಾಹರಣೆ ನೋಡಿ. ಸುರಕ್ಷತಾ ನಿರ್ವಹಣೆಯ ಕೋರ್ಸಿನಲ್ಲಿ 100 ಅಂಕ. ಅದರಲ್ಲಿ 20 ಅಂಕ ರಿಸ್ಕ್ ಮೌಲ್ಯಮಾಪನದ ಅಸೈನ್‌ಮೆಂಟಿಗೆ, ಉಳಿದ 80 ಹಾಜರಿ, ಕ್ವಿಜ್, ಲಿಖಿತ ಪರೀಕ್ಷೆಗಳಿಗೆ. ಚುರುಕಾಗಿ ಓದಿ ನೆನಪಿಟ್ಟುಕೊಳ್ಳುವ ವಿದ್ಯಾರ್ಥಿ ಆ 80ರಲ್ಲಿ 78 ಗಳಿಸಿ, ಅಸೈನ್‌ಮೆಂಟಿನಲ್ಲಿ ಬರೀ 4 ಪಡೆದರೂ ಒಟ್ಟು 82 ಬರುತ್ತದೆ. ಅಂಕಪಟ್ಟಿಯ ಲೆಕ್ಕದಲ್ಲಿ ಇವರು ಉತ್ತಮ ವಿದ್ಯಾರ್ಥಿ. ಆದರೆ ಕೋರ್ಸಿನ ಮುಖ್ಯ ಉದ್ದೇಶವಾದ ಕೆಲಸವೇ ಇವರಿಗೆ ಬಂದಿಲ್ಲ. ಹಲವು ಸಾಮರ್ಥ್ಯಗಳನ್ನು ಕಲಸಿ ಒಂದೇ ಸಂಖ್ಯೆ ಮಾಡಿದಾಗ ಕೊರತೆ ಎಲ್ಲಿದೆ ಎಂಬುದು ಮುಚ್ಚಿಹೋಗುತ್ತದೆ. ಹಾಗಾಗಿ ಕಲಿಕಾ ಫಲವನ್ನು ಅಂಕಪಟ್ಟಿಯಿಂದ ಅಲ್ಲ, ಆಯಾ ಸಾಮರ್ಥ್ಯ ಕಣ್ಣಿಗೆ ಬೀಳುವ ನಿರ್ದಿಷ್ಟ ಕೆಲಸದಿಂದ ಅಳೆಯಬೇಕು.

ಅದಕ್ಕೂ ಮುಂಚೆ ಕಲಿಕಾ ಫಲವನ್ನು ಅಳೆಯಲು ಬರುವಂತೆ ಬರೆದಿರಬೇಕು. "ವಿದ್ಯಾರ್ಥಿಯು ಸುರಕ್ಷತಾ ಸಂಸ್ಕೃತಿಯ ಮಹತ್ವವನ್ನು ಅರಿಯುವನು" ಎಂಬ ವಾಕ್ಯವನ್ನು ಹೇಗೂ ಅಳೆಯಲಾಗದು, ಏಕೆಂದರೆ ಅರಿವು ಹೊರಗೆ ಕಾಣುವುದಿಲ್ಲ. "ನೂರು ಸುರಕ್ಷತಾ ವರದಿಗಳನ್ನು ಕೊಟ್ಟರೆ ಅವುಗಳನ್ನು ವರ್ಗೀಕರಿಸಿ, ಅತಿ ಹೆಚ್ಚು ರಿಸ್ಕ್ ಇರುವ ಮೂರು ಹಜಾರ್ಡ್‌ಗಳನ್ನು (ಅಪಾಯದ ಮೂಲಗಳನ್ನು) ಗುರುತಿಸಿ, ಪ್ರತಿಯೊಂದಕ್ಕೂ ಒಂದು ತಡೆ ಸೂಚಿಸಿ, ಆಯ್ಕೆಯನ್ನು ಸಮರ್ಥಿಸಬಲ್ಲರು" ಎಂದು ಬರೆದರೆ ಅಳತೆ ಅದರಲ್ಲೇ ಅಡಗಿದೆ. ಇಂತಹ ಐದಾರು ಫಲಗಳು ಸಾಕು. ಇಪ್ಪತ್ತು ಬರೆದಿಟ್ಟುಕೊಂಡ ವಿಭಾಗ ಒಂದನ್ನೂ ನೆಟ್ಟಗೆ ಅಳೆಯುವುದಿಲ್ಲ.

ಬರೆದ ಮೇಲೆ ಒಂದು ನಕ್ಷೆ ಬೇಕು. ಯಾವ ಫಲ ಯಾವ ಕೋರ್ಸಿನಲ್ಲಿ ಮೊದಲು ಪರಿಚಯವಾಗುತ್ತದೆ, ಎಲ್ಲಿ ಅಭ್ಯಾಸವಾಗುತ್ತದೆ, ಎಲ್ಲಿ ಪೂರ್ಣ ಹಿಡಿತ ನಿರೀಕ್ಷಿಸುತ್ತೇವೆ ಎಂದು ಕೋಷ್ಟಕ ಹಾಕಿದರೆ ತೂತುಗಳು ತಾವಾಗಿಯೇ ಕಾಣುತ್ತವೆ. ದತ್ತಾಂಶ ವಿಶ್ಲೇಷಣೆ ಎರಡನೇ ಸೆಮಿಸ್ಟರಿನಲ್ಲಿ ಒಮ್ಮೆ ಪರಿಚಯವಾಗಿ, ಆಮೇಲೆ ಎಲ್ಲೂ ಅಭ್ಯಾಸವಿಲ್ಲದೆ, ಕೊನೆಯ ವರ್ಷದ ಕ್ಯಾಪ್‌ಸ್ಟೋನ್ ಪ್ರಾಜೆಕ್ಟಿನಲ್ಲಿ ಏಕಾಏಕಿ ಪರೀಕ್ಷೆಗೆ ಬರುವುದು ಸುರಕ್ಷತಾ ಕಾರ್ಯಕ್ರಮಗಳಲ್ಲಿ ಸುಲಭವಾಗಿ ಆಗುವ ತಪ್ಪು.

ಒಂದು ರೂಬ್ರಿಕ್ಕನ್ನು ಹತ್ತಿರದಿಂದ ನೋಡಿದಾಗ

1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ಏರ್ ಒಂಟಾರಿಯೊದ ಫಾಕರ್ ಎಫ್-28 ವಿಮಾನ ಮೇಲೇರಿದ ಕೂಡಲೇ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 69 ಮಂದಿಯಲ್ಲಿ 24 ಮಂದಿ ಸತ್ತರು. ರೆಕ್ಕೆಗಳ ಮೇಲೆ ಹಿಮ ಕೂತಿತ್ತು, ಅದನ್ನು ತೆಗೆಸಿರಲಿಲ್ಲ. ಈ ಪ್ರಕರಣದ ಸಂಗತಿಗಳನ್ನು ಕೊಟ್ಟು ತನಿಖಾ ವಿಶ್ಲೇಷಣೆ ಬರೆಯಿರಿ ಎಂದರೆ ನಾಲ್ಕು ಮಟ್ಟದ ಉತ್ತರಗಳು ಬರುತ್ತವೆ. ಸಾಮರ್ಥ್ಯಕ್ಕೊಂದು ಸಾಲು ಹಾಕಿ, ಪ್ರತಿ ಮಟ್ಟದ ಉತ್ತರ ಹೇಗಿರುತ್ತದೆ ಎಂದು ಬರೆದಿಡುವ ಅಳತೆಯ ಕೋಷ್ಟಕವೇ ರೂಬ್ರಿಕ್.

ಮೊದಲ ಮಟ್ಟದ ಉತ್ತರ ಪೈಲಟ್ ಬಳಿಯೇ ನಿಂತುಬಿಡುತ್ತದೆ: ಹಿಮ ಇದ್ದರೂ ಹಾರಿಸಿದರು, ತಪ್ಪು ಅವರದು. ಎರಡನೇ ಮಟ್ಟದವರು ಕಾರಣಗಳನ್ನೆಲ್ಲ ಪಟ್ಟಿ ಮಾಡುತ್ತಾರೆ. ವಿಮಾನದ ಸಹಾಯಕ ವಿದ್ಯುತ್ ಘಟಕ, ಅಂದರೆ ಎಪಿಯು, ಕೆಲಸ ಮಾಡುತ್ತಿರಲಿಲ್ಲ. ಡ್ರೈಡನ್‌ನಲ್ಲಿ ಎಂಜಿನ್ ಚಾಲೂ ಮಾಡುವ ನೆಲದ ಉಪಕರಣ ಇರಲಿಲ್ಲ. ಹಿಮ ಬೀಳುತ್ತಿತ್ತು. ಎಲ್ಲವೂ ಸರಿ, ಆದರೆ ಒಂದಕ್ಕೊಂದು ಕೊಂಡಿ ಇಲ್ಲ. ಮೂರನೇ ಮಟ್ಟದಲ್ಲಿ ಕೊಂಡಿ ಕಾಣಿಸುತ್ತದೆ: ಎಪಿಯು ಇಲ್ಲ, ನೆಲದ ಉಪಕರಣವೂ ಇಲ್ಲ, ಆದ್ದರಿಂದ ಎಂಜಿನ್ ಎರಡನ್ನೂ ನಿಲ್ಲಿಸಿದರೆ ಮತ್ತೆ ಚಾಲೂ ಆಗದು. ಹಾಗಾಗಿ ಒಂದು ಎಂಜಿನ್ ಓಡುತ್ತಲೇ ಇತ್ತು. ಎಂಜಿನ್ ಓಡುತ್ತಿರುವಾಗ ಹಿಮ ತೆಗೆಯುವುದಕ್ಕೆ ಕಂಪನಿಯೇ ನಿಷೇಧ ಹಾಕಿತ್ತು. ಅಂದರೆ ಹಿಮ ತೆಗೆಸುವ ಆಯ್ಕೆ ಪೈಲಟ್‌ಗಳ ಕೈಯಿಂದ ಹೆಚ್ಚುಕಡಿಮೆ ಜಾರಿಯೇ ಹೋಗಿತ್ತು.

ನಾಲ್ಕನೇ ಮಟ್ಟದವರು ಅಲ್ಲಿಗೂ ನಿಲ್ಲುವುದಿಲ್ಲ. ಎಪಿಯು ಕೆಟ್ಟ ವಿಮಾನವನ್ನು ಆ ದಿನ ಆ ನಿಲ್ದಾಣಕ್ಕೆ ಕಳಿಸಿದ್ದು ಯಾರು, ಯಾವ ನಿಯಮದ ಅಡಿಯಲ್ಲಿ? ಕಂಪನಿ ಈ ಜೆಟ್ ವಿಮಾನವನ್ನು ಸೇವೆಗೆ ಸೇರಿಸಿಕೊಂಡಾಗ ಕೈಪಿಡಿ, ತರಬೇತಿಗಳು ಸಿದ್ಧವಿದ್ದವೇ? ನಿಯಂತ್ರಣ ಇಲಾಖೆಯ ಉಸ್ತುವಾರಿ ಹೇಗಿತ್ತು? ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ಅವರ ಆಯೋಗ ಇದೇ ದಾರಿಯಲ್ಲಿ ನಡೆದು, 1992ರ ಅಂತಿಮ ವರದಿಯ ಹೊತ್ತಿಗೆ ಒಟ್ಟು 191 ಶಿಫಾರಸುಗಳನ್ನು ಕೊಟ್ಟಿತು. ಪದವೀಧರರಿಂದ ಅಷ್ಟು ಬೇಕಿಲ್ಲ, ಒಂದೇ ಶಿಫಾರಸು ಸಾಕು, ಆದರೆ ಅದು ಗಟ್ಟಿಯಾಗಿರಬೇಕು. "ಸಿಬ್ಬಂದಿಗೆ ಹೆಚ್ಚಿನ ತರಬೇತಿ ಕೊಡಬೇಕು" ಎಂಬುದು ಏನೂ ಹೇಳದ ಶಿಫಾರಸು. "ಎಪಿಯು ಕೆಟ್ಟಿರುವ ವಿಮಾನವನ್ನು ನೆಲದ ಸ್ಟಾರ್ಟ್ ಸೌಲಭ್ಯವಿಲ್ಲದ ನಿಲ್ದಾಣಕ್ಕೆ ಕಳಿಸದಂತೆ ಡಿಸ್‌ಪ್ಯಾಚ್ ವಿಧಾನದಲ್ಲೇ ತಡೆ ಇರಬೇಕು; ಮೂರು ತಿಂಗಳ ಡಿಸ್‌ಪ್ಯಾಚ್ ದಾಖಲೆ ತೆಗೆದು ಪಾಲನೆ ಪರಿಶೀಲಿಸಬೇಕು" ಎಂದರೆ ಯಾರು ಏನು ಮಾಡಬೇಕು, ಆಗಿದೆಯೆಂದು ತಿಳಿಯುವುದು ಹೇಗೆ ಎರಡೂ ಅದರಲ್ಲಿವೆ.

ಇಷ್ಟು ವಿವರವನ್ನು ರೂಬ್ರಿಕ್‌ನಲ್ಲಿ ಬರೆದಿಡಬೇಕು. "ಅತ್ಯುತ್ತಮ, ಉತ್ತಮ, ಸಾಧಾರಣ" ಎಂಬ ಪದಗಳಿಂದ ಅಳತೆ ಆಗದು. ಇನ್ನೊಂದು ಎಚ್ಚರ: ಡ್ರೈಡನ್‌ನಂತಹ ಪ್ರಸಿದ್ಧ ಪ್ರಕರಣ ಪಾಠಕ್ಕೆ ಒಳ್ಳೆಯದು, ಅಳತೆಗೆ ಅಲ್ಲ. ಉತ್ತರ ಹುಡುಕಿದರೆ ಸಿಗುತ್ತದೆ. ಅಳತೆಗೆ ಹೆಚ್ಚು ಜನಕ್ಕೆ ತಿಳಿಯದ ಘಟನೆಯ ವರದಿ ಆರಿಸಿ. ಅಪಘಾತ ತನಿಖೆಗೆ ಸಂಬಂಧಿಸಿದ ಐಕಾವೊದ ಅನೆಕ್ಸ್ 13ರ ಮಾದರಿಯಲ್ಲಿ ಬರೆದ ವರದಿಗೆ ನಾಲ್ಕು ಭಾಗ ಇರುತ್ತವೆ: ಸಂಗತಿಗಳು, ವಿಶ್ಲೇಷಣೆ, ತೀರ್ಮಾನ, ಶಿಫಾರಸು. ಮೊದಲ ಭಾಗ ಮಾತ್ರ ಕೊಟ್ಟು, ಉಳಿದ ಮೂರನ್ನು ವಿದ್ಯಾರ್ಥಿ ಬರೆಯಲಿ. ಬರಹ ಒಪ್ಪಿಸಿದ ಮೇಲೆ ಹದಿನೈದು ನಿಮಿಷ ಕೂರಿಸಿ ಪ್ರಶ್ನೆ ಕೇಳಿ: "ಈ ಕಾರಣವನ್ನು ಏಕೆ ಕೈಬಿಟ್ಟಿರಿ? ಈ ಸಾಕ್ಷ್ಯ ಇಲ್ಲದಿದ್ದರೆ ನಿಮ್ಮ ತೀರ್ಮಾನ ನಿಲ್ಲುತ್ತದೆಯೇ?" ಕೃತಕ ಬುದ್ಧಿಮತ್ತೆಯಿಂದ ಅಚ್ಚುಕಟ್ಟಾದ ವರದಿ ನಿಮಿಷಗಳಲ್ಲಿ ತಯಾರಾಗುವ ಈ ಕಾಲದಲ್ಲಿ ಬರೀ ಕಾಗದ ನೋಡಿ ಸಾಮರ್ಥ್ಯ ನಿರ್ಧರಿಸುವುದು ಸರಿಯಲ್ಲ.

ರಿಸ್ಕ್ ಮೌಲ್ಯಮಾಪನದ ರೂಬ್ರಿಕ್‌ಗೂ ಇದೇ ಮಾತು. ರಿಸ್ಕ್ ಅಳೆಯುವ ಚೌಕಗಳ ಕೋಷ್ಟಕವಾದ ಐಕಾವೊ ಮ್ಯಾಟ್ರಿಕ್ಸ್‌ನಲ್ಲಿ ಸಂಭವನೀಯತೆಗೆ 1ರಿಂದ 5, ತೀವ್ರತೆಗೆ ಎ ಇಂದ ಇ. ಚೌಕದಲ್ಲಿ 4ಬಿ ಎಂದು ಬರೆಯುವುದು ಎಲ್ಲರಿಗೂ ಬರುತ್ತದೆ. ವಿದ್ಯಾರ್ಥಿಗಳು ಎಡವುವುದು ಅದಕ್ಕೂ ಮೊದಲಿನ ಹೆಜ್ಜೆಯಲ್ಲಿ. ಹಜಾರ್ಡ್ ಏನು ಎಂದು ಕೇಳಿದರೆ "ವಿಮಾನ ರನ್‌ವೇಯಿಂದ ಹೊರಜಾರುವುದು" ಎಂದು ಬರೆಯುತ್ತಾರೆ. ಅದು ಪರಿಣಾಮ. ಹಜಾರ್ಡ್ ಎಂದರೆ ರನ್‌ವೇ ಮೇಲೆ ನಿಂತ ನೀರು. ಪರಿಣಾಮವನ್ನೇ ಹಜಾರ್ಡ್ ಅಂದುಕೊಂಡವರಿಗೆ ತಡೆ ಎಲ್ಲಿ ಹಾಕಬೇಕು ಎಂದು ತೋಚುವುದಿಲ್ಲ, ಏಕೆಂದರೆ ನೀರು ಹರಿಯುವ ಚರಂಡಿಯ ಮಾತೇ ಅವರ ಕೋಷ್ಟಕದಲ್ಲಿ ಬಂದಿರುವುದಿಲ್ಲ. ಆದ್ದರಿಂದ ಹಜಾರ್ಡ್ ಗುರುತಿಸುವಿಕೆಗೆ ರೂಬ್ರಿಕ್‌ನಲ್ಲಿ ಬೇರೆಯೇ ಸಾಲು ಇರಲಿ.

ಇಬ್ಬರು ಅಳೆದಾಗ ಒಂದೇ ಅಳತೆ ಬರುತ್ತದೆಯೇ

ರೂಬ್ರಿಕ್ ಎಷ್ಟೇ ಚೆನ್ನಾಗಿದ್ದರೂ ಅಂಕ ಹಾಕುವವರು ಮನುಷ್ಯರು. ಒಂದೇ 20 ವರದಿಗಳನ್ನು ಇಬ್ಬರು ಅಧ್ಯಾಪಕರು ಬೇರೆಬೇರೆಯಾಗಿ ನೋಡಿದರು ಎನ್ನಿ. ಇಬ್ಬರೂ ತಲಾ 16 ವರದಿಗಳಿಗೆ "ಗುರಿ ಮುಟ್ಟಿದೆ" ಎಂದರು, 16 ವರದಿಗಳಲ್ಲಿ ಇಬ್ಬರ ತೀರ್ಪೂ ಒಂದೇ ಆಗಿತ್ತು. ಶೇ 80 ಒಮ್ಮತ. ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ ಶೇ 80 ವರದಿಗಳನ್ನು ಪಾಸು ಮಾಡುವವರಾದರೆ ಕಣ್ಣುಮುಚ್ಚಿ ಅಂಕ ಹಾಕಿದರೂ ಶೇ 68ರಷ್ಟು ಒಮ್ಮತ ಆಕಸ್ಮಿಕವಾಗಿಯೇ ಬರುತ್ತದೆ (0.8 × 0.8 ಮತ್ತು 0.2 × 0.2 ಸೇರಿ). ಆ ಆಕಸ್ಮಿಕವನ್ನು ಕಳೆದು ನೋಡುವ ಕೋಹೆನ್ ಕಪ್ಪಾ ಎಂಬ ಲೆಕ್ಕದ ಪ್ರಕಾರ ನಿಜವಾದ ಒಮ್ಮತ (0.80 − 0.68) ÷ 0.32, ಅಂದರೆ 0.375 ಮಾತ್ರ. ಇದು ನೆಚ್ಚಿಕೊಳ್ಳುವಂಥದ್ದಲ್ಲ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಅಂಕ ಹಾಕುವ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಹಳೆಯ ಮೂರು ವರದಿಗಳನ್ನು, ಒಂದು ದುರ್ಬಲ, ಒಂದು ಮಧ್ಯಮ, ಒಂದು ಪ್ರಬಲ, ಓದಿ ಅಂಕ ಹಾಕಿ, ಎಲ್ಲಿ ಭಿನ್ನಾಭಿಪ್ರಾಯ ಬಂತೋ ಅಲ್ಲಿ ರೂಬ್ರಿಕ್‌ನ ವಾಕ್ಯವನ್ನೇ ತಿದ್ದಬೇಕು. ಆ ವಿದ್ಯಾರ್ಥಿಗೆ ಪಾಠ ಮಾಡಿದವರೇ ಏಕೈಕ ಮೌಲ್ಯಮಾಪಕರಾಗಬಾರದು. ಉದ್ಯಮದಿಂದ ಒಬ್ಬ ಸುರಕ್ಷತಾ ಅಧಿಕಾರಿಯನ್ನು ಕರೆಸಿದರೆ ಇನ್ನೂ ಒಳ್ಳೆಯದು. ಅಧ್ಯಾಪಕರು ಭಾಷೆಗೆ ಅಂಕ ಕೊಟ್ಟ ಕಡೆ ಅವರು "ಈ ಶಿಫಾರಸನ್ನು ನಮ್ಮ ಹ್ಯಾಂಗರ್‌ನಲ್ಲಿ ಜಾರಿಗೆ ತರಲಾಗದು" ಎಂದು ನೇರವಾಗಿ ಹೇಳುತ್ತಾರೆ.

ಗುರಿಯನ್ನೂ ಅಳತೆಗೆ ಮುಂಚೆಯೇ ಬರೆದಿಡಬೇಕು: "ಕ್ಯಾಪ್‌ಸ್ಟೋನ್ ವಿದ್ಯಾರ್ಥಿಗಳಲ್ಲಿ ಶೇ 80 ಮಂದಿ ಪ್ರತಿ ಸಾಲಿನಲ್ಲೂ ಮೂರನೇ ಮಟ್ಟ ಮುಟ್ಟಬೇಕು." ಫಲಿತಾಂಶ ನೋಡಿ ಗುರಿ ಇಡುವುದು, ಸರಾಸರಿಯನ್ನು ಮಾತ್ರ ವರದಿ ಮಾಡುವುದು ಎರಡೂ ತಪ್ಪು. ಸರಾಸರಿ 3.1 ಇದ್ದರೂ ಕಾಲುಭಾಗ ಮಂದಿ ಮೊದಲ ಮಟ್ಟದಲ್ಲೇ ಉಳಿದಿರಬಹುದು.

ವಿದ್ಯಾರ್ಥಿಗಳ ಸಮೀಕ್ಷೆ ಪರೋಕ್ಷ ಅಳತೆ. "ನನಗೆ ತನಿಖೆ ಮಾಡುವ ಆತ್ಮವಿಶ್ವಾಸ ಬಂದಿದೆ" ಎಂಬ ಉತ್ತರ ಉಪಯುಕ್ತವೇ, ಆದರೆ ಅದು ತನಿಖೆ ಮಾಡಬಲ್ಲರು ಎಂಬುದಕ್ಕೆ ಪುರಾವೆಯಲ್ಲ. ನೇರ ಅಳತೆಯ ಪಕ್ಕದಲ್ಲಿಟ್ಟಾಗ ಮಾತ್ರ ಅದಕ್ಕೆ ಬೆಲೆ. ಆತ್ಮವಿಶ್ವಾಸ ಹೆಚ್ಚು, ಸಾಮರ್ಥ್ಯ ಕಡಿಮೆ ಇರುವ ಸಾಲು ಕಂಡರೆ ಅದೇ ಎಲ್ಲಕ್ಕಿಂತ ತುರ್ತಿನ ಸಾಲು.

ಪದವೀಧರರ ಯಶಸ್ಸು: ಛೇದದ ಪ್ರಶ್ನೆ

ವಿಮಾನಯಾನ ಪದವಿಗಳಿಗೆ ಮಾನ್ಯತೆ ಕೊಡುವ ಏವಿಯೇಷನ್ ಅಕ್ರೆಡಿಟೇಷನ್ ಬೋರ್ಡ್ ಇಂಟರ್‌ನ್ಯಾಷನಲ್, ಅಂದರೆ ಎಎಬಿಐ, ಕಾರ್ಯಕ್ರಮದ ಗುರಿ ಮತ್ತು ಅಳತೆಯ ವಿಧಾನಗಳ ಜೊತೆಗೆ ಪದವಿ ಮುಗಿಸಿದವರ ಪ್ರಮಾಣ, ಉದ್ಯೋಗದ ಪ್ರಮಾಣ ಮತ್ತು ಬಗೆಯನ್ನೂ ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ಬಯಸುತ್ತದೆ. ಒಳ್ಳೆಯ ನಿಯಮ. ಆದರೆ ಪ್ರಕಟವಾಗುವ ಶೇಕಡಾವಾರಿನ ಹಿಂದಿನ ಛೇದ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಒಂದು ವರ್ಷ 40 ಮಂದಿ ಪದವಿ ಪಡೆದರು ಎಂದುಕೊಳ್ಳಿ. ಆರು ತಿಂಗಳ ನಂತರದ ಸಮೀಕ್ಷೆಗೆ 24 ಮಂದಿ ಉತ್ತರಿಸಿದರು. 18 ಮಂದಿ ಕೆಲಸದಲ್ಲಿದ್ದಾರೆ, 3 ಮಂದಿ ಮುಂದೆ ಓದುತ್ತಿದ್ದಾರೆ, 3 ಮಂದಿ ಇನ್ನೂ ಹುಡುಕುತ್ತಿದ್ದಾರೆ. ಕೆಲಸದಲ್ಲಿರುವ 18ರಲ್ಲಿ 9 ಮಂದಿ ಸುರಕ್ಷತೆ ಅಥವಾ ಗುಣಮಟ್ಟ ವಿಭಾಗದಲ್ಲಿ, 5 ಮಂದಿ ವಿಮಾನಯಾನದ ಬೇರೆ ಕೆಲಸದಲ್ಲಿ, 4 ಮಂದಿ ಕ್ಷೇತ್ರದ ಹೊರಗೆ. ಇದೇ ದತ್ತಾಂಶದಿಂದ "ಶೇ 87.5 ಯಶಸ್ಸು" ಎಂದೂ ಬರೆಯಬಹುದು (ಉತ್ತರಿಸಿದವರಲ್ಲಿ ಕೆಲಸ ಅಥವಾ ಓದು), "ಶೇ 75" ಎಂದೂ (ಉತ್ತರಿಸಿದವರಲ್ಲಿ ಕೆಲಸ), "ಶೇ 45" ಎಂದೂ (ಎಲ್ಲ ಪದವೀಧರರಲ್ಲಿ ಕೆಲಸ ಖಚಿತವಾದವರು), "ಶೇ 22.5" ಎಂದೂ (ಎಲ್ಲರಲ್ಲಿ ಸುರಕ್ಷತಾ ಕೆಲಸ ಖಚಿತವಾದವರು) ಬರೆಯಬಹುದು. ಯಾವುದೂ ಸುಳ್ಳಲ್ಲ. ಹಾಗಾಗಿ ಅಂಶ ಮತ್ತು ಛೇದ ಎರಡನ್ನೂ ಸಂಖ್ಯೆಯಲ್ಲೇ ಪ್ರಕಟಿಸದ ಶೇಕಡಾವಾರನ್ನು ಓದುಗರು ನಂಬಬೇಕಿಲ್ಲ.

ಉತ್ತರಿಸದ 16 ಮಂದಿಯ ವಿಚಾರ ಸಣ್ಣದಲ್ಲ. ಕೆಲಸ ಸಿಗದವರಿಗೆ ಕಾಲೇಜಿನ ಸಮೀಕ್ಷೆ ತುಂಬುವ ಮನಸ್ಸು ಕಡಿಮೆ, ಹಾಗಾಗಿ ಉತ್ತರಗಳು ಯಶಸ್ಸಿನ ಕಡೆಗೇ ವಾಲುವ ಸಂಭವ ಹೆಚ್ಚು. ಅಧ್ಯಾಪಕರು, ನೇಮಿಸಿಕೊಂಡ ಸಂಸ್ಥೆಗಳು, ಸಾರ್ವಜನಿಕ ವೃತ್ತಿ ಪ್ರೊಫೈಲ್‌ಗಳು, ಸಹಪಾಠಿಗಳು, ಹೀಗೆ ಬೇರೆ ದಾರಿಗಳಿಂದಲೂ ತಿಳಿದುಕೊಳ್ಳಬೇಕು. ಹೀಗೆ ಯಾವುದೇ ವಿಶ್ವಾಸಾರ್ಹ ಮೂಲದಿಂದ ಸ್ಥಿತಿ ತಿಳಿದಿರುವವರ ಪ್ರಮಾಣವನ್ನು ಬೇರೆಯಾಗಿಯೇ ಹೇಳಬೇಕು. ಅಮೆರಿಕದ ಕಾಲೇಜು ಮತ್ತು ಉದ್ಯೋಗದಾತರ ಒಕ್ಕೂಟ ಎನ್ಎಸಿಇ ಪದವಿ ಮುಗಿದ ಆರು ತಿಂಗಳೊಳಗಿನ ಮಾಹಿತಿಯಲ್ಲಿ ಈ ಪ್ರಮಾಣ ಕನಿಷ್ಠ ಶೇ 65 ಇರಬೇಕೆಂದು ಸಲಹೆ ಮಾಡಿದೆ. ಮೇಲಿನ ಉದಾಹರಣೆ ಶೇ 60ಕ್ಕೇ ನಿಂತಿದೆ.

ಯಾವುದು "ಕ್ಷೇತ್ರದ ಕೆಲಸ" ಎಂಬುದನ್ನು ಹುದ್ದೆಯ ಹೆಸರಿನಿಂದ ತೀರ್ಮಾನಿಸಬೇಡಿ. ಹೊಸ ಪದವೀಧರರನ್ನು ಯಾರೂ ನೇರವಾಗಿ ಸೇಫ್ಟಿ ಮ್ಯಾನೇಜರ್ ಮಾಡುವುದಿಲ್ಲ. ಮೊದಲ ಕೆಲಸ ವಿಮಾನ ನಿಲ್ದಾಣದ ಕಾರ್ಯಾಚರಣೆಯಲ್ಲಿ, ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯಲ್ಲಿ, ಹಾರಾಟ ದತ್ತಾಂಶ ವಿಶ್ಲೇಷಣೆಯಲ್ಲಿ, ನಿರ್ವಹಣಾ ದಾಖಲೆಗಳ ಆಡಿಟ್‌ನಲ್ಲಿ ಸಿಗಬಹುದು. "ರ‍್ಯಾಂಪ್ ಸೂಪರ್‌ವೈಸರ್" (ವಿಮಾನ ನಿಲ್ಲುವ ಜಾಗದ ಮೇಲ್ವಿಚಾರಕ) ಎಂಬ ಹುದ್ದೆಯಲ್ಲಿ ಇರುವವರು ವಾರದ ಅರ್ಧ ಭಾಗ ಘಟನಾ ವರದಿಗಳನ್ನೇ ನೋಡುತ್ತಿರಬಹುದು, "ಸೇಫ್ಟಿ ಕೋಆರ್ಡಿನೇಟರ್" ಎಂಬವರು ಬರೀ ಗುರುತಿನ ಚೀಟಿ ಹಂಚುತ್ತಿರಬಹುದು. ವರದಿ, ಆಡಿಟ್, ರಿಸ್ಕ್ ಮೌಲ್ಯಮಾಪನ, ದತ್ತಾಂಶ ಇವುಗಳಿಗೆ ವಾರದಲ್ಲಿ ಎಷ್ಟು ಗಂಟೆ ಹೋಗುತ್ತದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಅದನ್ನೇ ಒಂದು, ಮೂರು, ಐದು ವರ್ಷಗಳ ನಂತರ ಮತ್ತೆ ಕೇಳಿದರೆ ವೃತ್ತಿ ಸಾಗುತ್ತಿರುವ ದಿಕ್ಕು ತಿಳಿಯುತ್ತದೆ. ಈ ಕ್ಷೇತ್ರದಲ್ಲಿ ಆರು ತಿಂಗಳ ಅಂಕಿಗಿಂತ ಮೂರನೇ ವರ್ಷದ ಅಂಕಿಯೇ ಹೆಚ್ಚು ಮಾತಾಡುತ್ತದೆ.

ಪದವಿ ಮುಗಿಸುವ ಪ್ರಮಾಣದ ಬಗ್ಗೆ ಒಂದೇ ಮಾತು: ನಾಲ್ಕು ವರ್ಷದ ಪದವಿಗೆ ನಾಲ್ಕು ಮತ್ತು ಆರು ವರ್ಷಗಳ ಲೆಕ್ಕ ಎರಡನ್ನೂ ಕೊಡಿ. ಪೈಲಟ್ ತರಬೇತಿಯಿಂದ ನಡುವೆ ಸುರಕ್ಷತಾ ವಿಭಾಗಕ್ಕೆ ಬಂದವರನ್ನು ಬೇರೆ ಸಾಲಿನಲ್ಲಿ ತೋರಿಸಿ, ಇಲ್ಲದಿದ್ದರೆ ಅವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಸಣ್ಣ ತರಗತಿಗಳ ತೊಂದರೆ ಇನ್ನೊಂದು. 10 ಮಂದಿಯಲ್ಲಿ 8 ಮಂದಿಗೆ ಕೆಲಸ ಸಿಕ್ಕರೂ ಶೇ 80, 100ರಲ್ಲಿ 80 ಮಂದಿಗೆ ಸಿಕ್ಕರೂ ಶೇ 80. ಆದರೆ ಶೇ 95 ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಎಲ್ಲೆ, ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು ಶೇ 49ರಿಂದ 94ರವರೆಗೆ ಹರಡುತ್ತದೆ, ಎರಡನೆಯದು ಶೇ 71ರಿಂದ 87. ಹತ್ತು ಮಂದಿಯ ತರಗತಿಯಲ್ಲಿ ಒಬ್ಬರ ಅದೃಷ್ಟ ಹತ್ತು ಶೇಕಡಾ ಅಂಕವನ್ನು ಅಲುಗಿಸುತ್ತದೆ. ಅಂಥ ಕಾರ್ಯಕ್ರಮಗಳು ಮೂರು ವರ್ಷಗಳ ದತ್ತಾಂಶ ಕೂಡಿಸಿ ನೋಡಬೇಕು. ಜೊತೆಗೆ ಉದ್ಯಮದ ಏರಿಳಿತ ನೆನಪಿರಲಿ. 2020ರಲ್ಲಿ ವಿಮಾನಗಳೇ ನೆಲಕ್ಕಿಳಿದಾಗ ನೇಮಕಾತಿ ಕುಸಿಯಿತು. ಆ ವರ್ಷದ ಪದವೀಧರರ ಅಂಕಿಯಿಂದ ಪಾಠದ ಗುಣಮಟ್ಟ ಅಳೆಯುವುದು ಅನ್ಯಾಯ. ಅದೇ ಕಾರಣಕ್ಕೆ ನೇಮಕಾತಿ ಭರದಿಂದ ನಡೆಯುವ ವರ್ಷದ ಶೇ 95ನ್ನು ವಿಭಾಗದ ಹೆಗ್ಗಳಿಕೆ ಎಂದುಕೊಳ್ಳುವುದೂ ಸಲ್ಲದು.

ಉದ್ಯೋಗದಾತರನ್ನು ಕೇಳುವುದು

ತರಬೇತಿಯ ಫಲ ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಮೆಟ್ಟಿಲು ಇಲ್ಲಿ ಉಪಯೋಗಕ್ಕೆ ಬರುತ್ತವೆ: ಕಲಿತವರ ಪ್ರತಿಕ್ರಿಯೆ, ಕಲಿಕೆ, ಕೆಲಸದಲ್ಲಿನ ನಡವಳಿಕೆ, ಸಂಸ್ಥೆಗೆ ಸಿಕ್ಕ ಫಲ. ಕಾಲೇಜುಗಳು ಮೊದಲೆರಡನ್ನು ಅಳೆದು ನೇರವಾಗಿ ನಾಲ್ಕನೆಯದಕ್ಕೆ ಹಾರಲು ನೋಡುತ್ತವೆ. ಆದರೆ "ನಮ್ಮ ಪದವೀಧರರಿದ್ದ ಸಂಸ್ಥೆಗಳಲ್ಲಿ ಅಪಘಾತ ಆಗಿಲ್ಲ" ಎಂಬ ಮಾತಿನಿಂದ ಏನೂ ಸಾಬೀತಾಗದು. ಅಪಘಾತ ಅಷ್ಟು ಅಪರೂಪ. ಹಿಡಿಯಬೇಕಾದ್ದು ಮೂರನೇ ಮೆಟ್ಟಿಲನ್ನು.

"ನಮ್ಮ ಪದವೀಧರರ ಬಗ್ಗೆ ತೃಪ್ತಿ ಇದೆಯೇ?" ಎಂದು ಕೇಳಿದರೆ "ಇದೆ" ಎಂಬ ಸೌಜನ್ಯದ ಉತ್ತರ ಬರುತ್ತದೆ, ಅಷ್ಟೇ. ಬದಲಿಗೆ ಹೀಗೆ ಕೇಳಬೇಕು: ಇವರು ಬರೆದ ವರದಿಗಳು ತಿದ್ದುಪಡಿಗೆ ಎಷ್ಟು ಬಾರಿ ವಾಪಸಾದವು? ಇವರು ಸೂಚಿಸಿದ ಸರಿಪಡಿಕೆಗಳಲ್ಲಿ ಎಷ್ಟು ಜಾರಿಯಾದವು? ಮೆಕ್ಯಾನಿಕ್‌ಗಳು, ರ‍್ಯಾಂಪ್ ಸಿಬ್ಬಂದಿ ತಾವಾಗಿ ಬಂದು ಇವರಿಗೆ ತಪ್ಪುಗಳನ್ನು ಹೇಳಿಕೊಳ್ಳುತ್ತಾರೆಯೇ? ಕೊನೆಯ ಪ್ರಶ್ನೆಯ ತೂಕ ದೊಡ್ಡದು. ಸ್ವಯಂಪ್ರೇರಿತ ವರದಿಗಳ ಸಂಖ್ಯೆ ಏರಿದರೆ ಕೆಲಸದ ಜಾಗ ಅಪಾಯಕಾರಿಯಾಗಿದೆ ಎಂದರ್ಥವಲ್ಲ, ಹೆಚ್ಚಿನ ವೇಳೆ ಜನರಿಗೆ ನಂಬಿಕೆ ಬಂದಿದೆ ಎಂದರ್ಥ. ಒಂದು ಸಂಸ್ಥೆಯಲ್ಲಿ ಒಬ್ಬರೇ ಪದವೀಧರರಿದ್ದರೆ ಉತ್ತರ ಯಾರ ಬಗ್ಗೆ ಎಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಮೊದಲು ಆ ಪದವೀಧರರ ಒಪ್ಪಿಗೆ ಪಡೆಯಬೇಕು, ಉತ್ತರಗಳನ್ನು ಗುಂಪಾಗಿ ಮಾತ್ರ ಪ್ರಕಟಿಸಬೇಕು.

ಅಳೆದ ಮೇಲೆ

ಅಳತೆಯ ಕಡತ ಮಾನ್ಯತಾ ತಂಡ ಬರುವ ವರ್ಷ ಮಾತ್ರ ಕಪಾಟಿನಿಂದ ಹೊರಬಂದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಗುರಿ ಶೇ 80, ರಿಸ್ಕ್ ಮೌಲ್ಯಮಾಪನದಲ್ಲಿ ಮೂರನೇ ಮಟ್ಟ ಮುಟ್ಟಿದವರು ಶೇ 65 ಎಂದು ಬಂದಿತು ಎನ್ನಿ. "ಅಧ್ಯಾಪಕರು ಈ ವಿಷಯಕ್ಕೆ ಹೆಚ್ಚಿನ ಒತ್ತು ನೀಡಬೇಕು" ಎಂದು ನಡಾವಳಿಯಲ್ಲಿ ಬರೆದು ಸಭೆ ಮುಗಿಸಿದರೆ, ವಿದ್ಯಾರ್ಥಿಯ ವರದಿಯಲ್ಲಿ ನಾವು ತಿರಸ್ಕರಿಸುವ ಅದೇ ಬಗೆಯ ಪೊಳ್ಳು ಶಿಫಾರಸು ಅದು. ರೂಬ್ರಿಕ್‌ನ ಸಾಲುಗಳನ್ನು ಬಿಡಿಸಿ ನೋಡಿ. ಮ್ಯಾಟ್ರಿಕ್ಸ್ ತುಂಬುವ ಸಾಲಿನಲ್ಲಿ ತೊಂದರೆಯಿಲ್ಲ, ಹಜಾರ್ಡ್ ಗುರುತಿಸುವ ಸಾಲಿನಲ್ಲಿ ಬಿದ್ದಿದ್ದಾರೆ ಎಂದಾದರೆ, ನಕ್ಷೆಯಲ್ಲಿ ಆ ಅಭ್ಯಾಸ ಎಲ್ಲಿದೆ ಎಂದು ಹುಡುಕಿ. ಅಮೆರಿಕದ ನಾಸಾ 1976ರಿಂದ ನಡೆಸುತ್ತಿರುವ ಗೋಪ್ಯ ವರದಿ ವ್ಯವಸ್ಥೆ ಎಎಸ್ಆರ್‌ಎಸ್‌ನ ದತ್ತಸಂಚಯ ಎಲ್ಲರಿಗೂ ತೆರೆದಿದೆ. ಅದರಿಂದ ವಾರಕ್ಕೆ ಒಂದೊಂದು ವರದಿ ಆರಿಸಿ, ಎರಡನೇ ವರ್ಷದ ಕೋರ್ಸಿನಲ್ಲಿ ಹಜಾರ್ಡ್ ಮತ್ತು ಪರಿಣಾಮ ಬೇರ್ಪಡಿಸುವ ಹದಿನೈದು ನಿಮಿಷದ ಅಭ್ಯಾಸ ಸೇರಿಸಬಹುದು.

ಏನು ಬದಲಾಯಿತು, ಯಾವ ಸೆಮಿಸ್ಟರಿನಿಂದ, ಯಾರ ಹೊಣೆ, ಮತ್ತೆ ಅಳೆಯುವುದು ಯಾವಾಗ ಎಂಬ ನಾಲ್ಕು ಅಂಶಗಳನ್ನು ದಾಖಲಿಸಿ. ಎರಡನೇ ವರ್ಷದಲ್ಲಿ ಮಾಡಿದ ಬದಲಾವಣೆ ಕ್ಯಾಪ್‌ಸ್ಟೋನ್‌ನಲ್ಲಿ ಕಾಣಲು ಎರಡು ವರ್ಷ ಬೇಕು. ಆದ್ದರಿಂದ ಮುಂದಿನ ವರ್ಷವೇ ಅಂಕಿ ಏರಲಿಲ್ಲವೆಂದು ಕೈಬಿಡಬೇಡಿ, ಏರಿದರೆ ಅದರ ಕೀರ್ತಿಯನ್ನು ಈ ಬದಲಾವಣೆಗೆ ಕಟ್ಟಲೂ ಬೇಡಿ. ಆ ಎರಡು ವರ್ಷ ರೂಬ್ರಿಕ್‌ನ ಆ ಸಾಲನ್ನು ಮುಟ್ಟಕೂಡದು. ಪಾಠವನ್ನೂ ಅಳತೆಗೋಲನ್ನೂ ಒಟ್ಟಿಗೆ ಬದಲಿಸಿದರೆ ಶೇ 65 ಮುಂದೆ ಶೇ 82 ಆದಾಗ ವಿದ್ಯಾರ್ಥಿಗಳು ಸುಧಾರಿಸಿದರೋ ಅಳತೆ ಸಡಿಲವಾಯಿತೋ ಎಂದು ಹೇಳಲು ಯಾವ ದಾರಿಯೂ ಉಳಿಯುವುದಿಲ್ಲ.